ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನ ‘ಫ್ರೀ’ ಎಂಬ ಪದ ಮಾಡಿದ ಗೊಂದಲ ಅಷ್ಟಿಷ್ಟಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆ ಘೋಷಿಸಿದ ದಿನದಿಂದ ಅವರೂ ಅವರ ಬಳಗದವರೂ ಒಂದೇ ಮಾತನ್ನು ಹೇಳಿ ಹೇಳಿ ಸುಸ್ತಾಗಿದ್ದಾರೆ: ಫ್ರೀ ಸಾಫ್ಟ್‌ವೇರ್ ಅಂದರೆ ಬಿಟ್ಟಿ ಸಾಫ್ಟ್‌ವೇರ್ ಅಲ್ಲ, ಸ್ವತಂತ್ರ ಸಾಫ್ಟ್‌ವೇರ್. ಕನ್ನಡದವರಿಗೆ ಈ ತಾಪತ್ರಯ ಇರಬಾರದಿತ್ತು. ನಮ್ಮಲ್ಲಿ ‘ಉಚಿತ’ ಬೇರೆ ಇದೆ, ‘ಮುಕ್ತ’ ಬೇರೆ ಇದೆ. ಜಾತ್ರೆಯಲ್ಲಿ ಹಾಕುವ ಊಟ ಉಚಿತ, ಊರ ಕೆರೆ ಮುಕ್ತ. ಊಟ ಹಾಕುವವರು ಮುಂದಿನ ವರ್ಷ ನಿಲ್ಲಿಸಿದರೆ ಯಾರೂ ಕೇಳುವ ಹಾಗಿಲ್ಲ. ಕೆರೆಯ ಮಾತು ಹಾಗಲ್ಲ. ನೀರು ಎಲ್ಲರದು, ಹೂಳೆತ್ತುವ ಕೆಲಸವೂ ಎಲ್ಲರದು.

ಇಷ್ಟು ಚೆಂದದ ಎರಡು ಪದ ಇಟ್ಟುಕೊಂಡೂ ಕಂಪ್ಯೂಟರಿನ ವಿಷಯ ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ: ‘ಫ್ರೀ ಇದೆಯಾ?’ ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುವವರು ಕಡಿಮೆ. ಪುಣೆ, ಹೈದರಾಬಾದ್, ಚೆನ್ನೈಗಳ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರು ಹಗಲೆಲ್ಲ ಲಿನಕ್ಸ್ ಸರ್ವರುಗಳ ಮೇಲೆ, ಮುಕ್ತ ಡೇಟಾಬೇಸುಗಳ ಮೇಲೆ ಕೆಲಸ ಮಾಡುತ್ತೇವೆ. ಮುಕ್ತ ತಂತ್ರಾಂಶ ಎಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಸಂಜೆ ಕನ್ನಡ ಸಂಘದ ಆಮಂತ್ರಣ ಪತ್ರಿಕೆ ಮಾಡಲು ಕುಳಿತೆವೆಂದರೆ ಆ ತಿಳಿವಳಿಕೆಯನ್ನೆಲ್ಲ ಕಚೇರಿಯ ಬ್ಯಾಗಿನಲ್ಲೇ ಬಿಟ್ಟಿರುತ್ತೇವೆ.

ಕರ್ನಾಟಕದೊಳಗೆ ಇರುವವರಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ. ಅಲ್ಲಿ ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇದೆ, ಅಂಗಡಿಯ ಫಲಕದಲ್ಲಿ ಇದೆ, ಮಕ್ಕಳ ಪಠ್ಯಪುಸ್ತಕದಲ್ಲಿ ಇದೆ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರವೊಂದರಲ್ಲೇ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಅವರಲ್ಲಿ ಬಹುಪಾಲು ಜನರಿಗೆ ಬರಹದ ಕನ್ನಡ ಸಿಗುವುದು ಫೋನಿನಲ್ಲಿ, ಇಲ್ಲವೇ ಈ ಇ-ಪೇಪರಿನಂಥ ಪರದೆಯ ಮೇಲೆ. ನಮ್ಮ ಪಾಲಿಗೆ ಫೈಲು ತೆರೆಯಲಿಲ್ಲ ಎಂದರೆ ಕನ್ನಡವೇ ತೆರೆಯಲಿಲ್ಲ ಎಂದ ಹಾಗೆ.

ಇದನ್ನು ಬರೆಯಲು ಕಾರಣವಾದದ್ದು ಒಂದು ಸಿಡಿ. ನಮ್ಮ ಪುಣೆಯ ಕನ್ನಡ ಸಂಘವೊಂದರಲ್ಲಿ ಹಳೆಯ ಸ್ಮರಣ ಸಂಚಿಕೆಗಳಿಂದ ಆಯ್ದ ಲೇಖನಗಳ ಒಂದು ಪುಸ್ತಕ ತರೋಣ ಎಂಬ ಮಾತು ಬಂತು. 1999ರಿಂದ 2009ರವರೆಗಿನ ಸಂಚಿಕೆಗಳ ಫೈಲುಗಳು ಬೀರುವಿನಲ್ಲಿ ಜೋಪಾನವಾಗಿದ್ದವು. ‘ಎಲ್ಲಾ ರೆಡಿ ಅದ, ಬರೇ ಪ್ರಿಂಟ್ ಹೊಡಸೂದು’ ಎಂದರು ಕಾರ್ಯದರ್ಶಿಗಳು. ಸಿಡಿ ಹಾಕಿ ನೋಡಿದರೆ ಪೇಜ್‌ಮೇಕರ್ ಫೈಲುಗಳು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹೇಗೋ ಮಾಡಿ ಒಳಗಿನ ಪಠ್ಯ ಹೊರತೆಗೆದರೆ ಪರದೆಯ ತುಂಬ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೆರೆ ಎಳೆದ ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ.

‘ಇದೇನ್ರೀ, ವೈರಸ್ ಹೊಕ್ಕದೇನು?’

‘ಇಲ್ಲರೀ ಸರ್, ಇದು ಕನ್ನಡನ. ಕನ್ನಡ ಅಂತನ ಬರದದ ಇಲ್ಲಿ.’

‘ಹಂಗಾದ್ರ ಫಾಂಟ್ ಹಾಕ್ರಿ, ಕಾಣ್ತದ.’

ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಹಿಂದಿನ ಕಾಲದ ಫಾಂಟುಗಳಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದುದು ಎಂಟು ಬಿಟ್‌ಗಳ ಜಾಗ, ಅಂದರೆ ಹೆಚ್ಚೆಂದರೆ 256 ಮನೆಗಳು. ಅವೆಲ್ಲ ಮೊದಲೇ ರೋಮನ್ ಅಕ್ಷರಗಳ ಹೆಸರಿನಲ್ಲಿ ನೋಂದಾಗಿದ್ದವು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಸಾವಿರಾರು ರೂಪಗಳು. ಹಾಗಾಗಿ ಆಗಿನವರು ಅಕ್ಷರಗಳನ್ನು ತುಂಡು ಮಾಡಿದರು: ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಒಂದು ತುಂಡು. ಆ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟರು. ಕಂಪ್ಯೂಟರಿಗೆ ಗೊತ್ತಿರುವುದು ಮನೆಯ ಮಾಲೀಕನ ಹೆಸರು ಮಾತ್ರ. ಅದರ ಲೆಕ್ಕದಲ್ಲಿ ನೀವು ಬರೆದದ್ದು ಪಿ, ಎ, ಪೌಂಡು. ಫಾಂಟು ಎಂಬ ಮುಖವಾಡ ಇರುವವರೆಗೆ ಕನ್ನಡ, ಮುಖವಾಡ ಕಳಚಿದರೆ ಪೌಂಡು.

ನಮ್ಮ ಸಿಡಿಯ ಫೈಲುಗಳಲ್ಲಿ ಎರಡು ಬಗೆ ಇದ್ದವು. ಈಚಿನವು ‘ನುಡಿ’ಯ ಮಾದರಿಯವು. ಅದರ ಸಂಕೇತಗಳ ಪಟ್ಟಿ ಎಲ್ಲರಿಗೂ ಗೊತ್ತಿದೆ. ನುಡಿಯಲ್ಲಿ, ಬರಹದಲ್ಲಿ ಪರಿವರ್ತಕಗಳಿವೆ, ಮುಕ್ತವಾಗಿ ಸಿಗುವ ಪರಿವರ್ತಕಗಳೂ ಇವೆ. ಹಳೆಯವು ಮಾತ್ರ ಯಾವುದೋ ಖಾಸಗಿ ಕಂಪನಿಯ ಡಿಟಿಪಿ ಸಾಫ್ಟ್‌ವೇರಿನವು. ಅದರ ಪಟ್ಟಿಯೇ ಬೇರೆ. ಅದು ನಡೆಯಬೇಕೆಂದರೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದು ಡಾಂಗಲ್ ಬೇಕು, ಅಕ್ಷರಶಃ ಬೀಗದ ಕೈ. ಆ ಡಾಂಗಲ್ ಇದ್ದ ಡಿಟಿಪಿ ಅಂಗಡಿ ಮುಚ್ಚಿ ವರ್ಷಗಳಾಗಿವೆ. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಸಂಘದ ಹಣ, ಸಂಘದ ಲೇಖಕರು, ಸಂಘದವರೇ ರಾತ್ರಿ ಕುಳಿತು ತಿದ್ದಿದ ಕರಡು. ಕೀ ಮಾತ್ರ ಬೇರೆಯವರದು.

ಪರಿವರ್ತನೆ ಎಂದರೆ ಗುಂಡಿ ಒತ್ತಿದರೆ ಆಗುವ ಕೆಲಸ ಎಂದುಕೊಂಡವರು ಅರ್ಕಾವತ್ತನ್ನು ಕೇಳಬೇಕು. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುಗಳು ಕೂರುತ್ತವೆ. ‘ಕರ್ನಾಟಕ’ದಲ್ಲಿ ಅರ್ಕಾವತ್ತು ಕಾಣುವುದು ‘ನಾ’ ಆದ ಮೇಲೆ, ಉಚ್ಚರಿಸುವುದು ‘ನಾ’ಕ್ಕಿಂತ ಮೊದಲು. ಯುನಿಕೋಡ್ ನಡೆಯುವುದು ಉಚ್ಚಾರದ ಕ್ರಮದಲ್ಲಿ. ಪರಿವರ್ತಕ ಬರೆದವನು ಈ ಸೂಕ್ಷ್ಮ ಮರೆತರೆ ‘ಕನಾರ್ಟಕ’ ಹುಟ್ಟುತ್ತದೆ. ಅಂತರಜಾಲದಲ್ಲಿ ಈ ಕನಾರ್ಟಕವನ್ನು ನೋಡದ ಕನ್ನಡಿಗ ಇರಲಿಕ್ಕಿಲ್ಲ. ನಮ್ಮ ಮೊದಲ ಪ್ರಯತ್ನದಲ್ಲಿ ಸಂಘದ ಕಾರ್ಯದರ್ಶಿಗಳು ‘ಕಾಯರ್ದಶಿರ್’ ಆಗಿ ಬಂದರು, ಅದನ್ನು ಓದಿ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಲೇಖನದ ನಡುವೆ ಇಂಗ್ಲಿಷಿನಲ್ಲಿದ್ದ ವಿಳಾಸಗಳು ಕನ್ನಡದ ಚಿತ್ರಾನ್ನವಾದವು. ಇಷ್ಟಾದರೂ ನುಡಿಯ ಫೈಲುಗಳು ಎರಡು ಭಾನುವಾರಗಳಲ್ಲಿ ದಡ ಮುಟ್ಟಿದವು. ಡಾಂಗಲ್ ಕಾಲದವಕ್ಕೆ ಅಚ್ಚಾದ ಪ್ರತಿಗಳನ್ನೇ ಹುಡುಕಿ ಸ್ಕ್ಯಾನ್ ಮಾಡಿ ‘ಟೆಸರಾಕ್ಟ್’ ಎಂಬ ತಂತ್ರಾಂಶಕ್ಕೆ ಕೊಟ್ಟೆವು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯೊಳಗೆ ಹುಟ್ಟಿ, 2005ರಲ್ಲಿ ಮುಕ್ತವಾದ ತಂತ್ರಾಂಶ ಅದು. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಕನ್ನಡವೂ ಅದಕ್ಕೆ ಬರುತ್ತದೆ. ತಪ್ಪು ಮಾಡುತ್ತದೆ, ಒತ್ತಕ್ಷರಗಳಲ್ಲಿ ತಡವರಿಸುತ್ತದೆ. ಆದರೆ ಯಾರ ಬೀಗದ ಕೈಯನ್ನೂ ಕೇಳುವುದಿಲ್ಲ.

ಹೀಗೆ ಹೊರಬಂದ ಬರಹಗಳಲ್ಲಿ ಒಂದನ್ನು ಹೇಳಲೇಬೇಕು. ಗದಗದ ಕಡೆಯಿಂದ 1950ರ ದಶಕದಲ್ಲಿ ಮದುವೆಯಾಗಿ ಪುಣೆಯ ಖಡಕಿಗೆ ಬಂದ ತಾಯಿಯೊಬ್ಬರು ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಬರೆದ ನಾಲ್ಕು ಪುಟ. ಗಂಡನಿಗೆ ಮದ್ದುಗುಂಡು ಕಾರ್ಖಾನೆಯಲ್ಲಿ ನೌಕರಿ. ಸುತ್ತ ಎಲ್ಲ ಮರಾಠಿ. ಪಕ್ಕದ ಮನೆಯ ಬಾಯಿಗೆ ಇವರು ಎಣ್ಣೆಗಾಯಿ ಕಲಿಸಿದ್ದು, ಅವರು ಇವರಿಗೆ ಪಾನಶೆತ್ ಅಣೆಕಟ್ಟು ಒಡೆದ 1961ರ ಪ್ರವಾಹದ ದಿನ ಮನೆಯಲ್ಲಿ ಜಾಗ ಕೊಟ್ಟದ್ದು, ವರಾಂಡದಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದ್ದು. ಇಂಥ ಚರಿತ್ರೆಯನ್ನು ಯಾವ ವಿಶ್ವವಿದ್ಯಾಲಯವೂ ಬರೆದಿಟ್ಟಿರುವುದಿಲ್ಲ. ಅದು ಇದ್ದದ್ದು ಆ ಸಿಡಿಯಲ್ಲಿ ಮತ್ತು ಯಾರ ಮನೆಯ ಅಟ್ಟದ ಮೇಲೋ ಉಳಿದ ಕೆಲವು ಪ್ರತಿಗಳಲ್ಲಿ. ಆ ತಾಯಿ ಈಗ ಇಲ್ಲ. ಅವರ ಮೊಮ್ಮಗಳು ಪುಣೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳ ಕಥೆ ಇದು. ಅವಳಿಗೆ ಈ ಬರಹ ಹೇಗೆ ಮುಟ್ಟಬೇಕು?

ಇಲ್ಲಿಯೇ ಯುನಿಕೋಡಿನ ಒಂದು ಚಮತ್ಕಾರ ಇದೆ. ಯುನಿಕೋಡಿನಲ್ಲಿ ಭಾರತದ ಲಿಪಿಗಳಿಗೆ ತಲಾ 128 ಮನೆಗಳ ಒಂದೊಂದು ಕೇರಿ. ಈ ಕೇರಿಗಳನ್ನು ಕಟ್ಟಿದ್ದು 1988ರಲ್ಲಿ ಭಾರತವೇ ರೂಪಿಸಿದ ‘ಇಸ್ಕಿ’ ಎಂಬ ಮಾನಕದ ನಕ್ಷೆಯ ಮೇಲೆ. ಆ ನಕ್ಷೆ ಮಾಡಿದವರು ನಮ್ಮ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಮಕ್ಕಳು ಎಂಬುದನ್ನು ನೆನಪಿಟ್ಟಿದ್ದರು. ಹಾಗಾಗಿ ಪ್ರತಿ ಕೇರಿಯಲ್ಲೂ ಕಕಾರಕ್ಕೆ ಅದೇ ಕ್ರಮದ ಮನೆ, ಮಕಾರಕ್ಕೆ ಅದೇ ಕ್ರಮದ ಮನೆ. ಕನ್ನಡದ ‘ಕ’ದ ಸಂಖ್ಯೆ 3221. ದೇವನಾಗರಿಯ ಕಕಾರದ ಸಂಖ್ಯೆ 2325. ವ್ಯತ್ಯಾಸ 896. ಕನ್ನಡದ ‘ಮ’ 3246, ದೇವನಾಗರಿಯ ಮಕಾರ 2350. ಅಲ್ಲೂ 896. ಅಂದರೆ ಕನ್ನಡದ ಪಠ್ಯದ ಪ್ರತಿ ಅಕ್ಷರದಿಂದ 896 ಕಳೆಯುತ್ತಾ ಹೋದರೆ ಅದೇ ಕನ್ನಡ ದೇವನಾಗರಿ ಲಿಪಿಯಲ್ಲಿ ಬರುತ್ತದೆ. ಮರಾಠಿ ಶಾಲೆಯಲ್ಲಿ ಓದಿದ ಮಗು ಓದಬಹುದು. ದೆಹಲಿಯ ಕನ್ನಡಿಗರ ಮಕ್ಕಳೂ ಓದಬಹುದು. ಹೈದರಾಬಾದಿನವರು 128 ಕಳೆದರೆ ಸಾಕು, ತೆಲುಗು ಲಿಪಿ ಸಿದ್ಧ. ಚೆನ್ನೈನವರಿಗೆ ಮಾತ್ರ ಇಷ್ಟು ಸಲೀಸಲ್ಲ. ತಮಿಳಿನಲ್ಲಿ ಅಕ್ಷರಗಳು ಕಡಿಮೆಯಾದ್ದರಿಂದ ಆ ಕೇರಿಯಲ್ಲಿ ಖಾಲಿ ಮನೆಗಳು ಜಾಸ್ತಿ. ದೇವನಾಗರಿಯಲ್ಲೂ ನಮ್ಮ ಹ್ರಸ್ವ ಎಕಾರ, ಒಕಾರಗಳು ಬಂದಾಗ ಮರಾಠಿಯವರು ಕಾಣದ ಒಂದು ಚಿಹ್ನೆ ಮೂಡುತ್ತದೆ. ಎರಡು ನಿಮಿಷ ವಿವರಿಸಿದರೆ ಮುಗಿಯಿತು.

ಆ ಹುಡುಗಿಗೆ ನಾನು ಕಳಿಸಿದ್ದು ಹೀಗೆ ದೇವನಾಗರಿಗೆ ತಿರುಗಿಸಿದ ನಾಲ್ಕು ಪುಟ, ಜೊತೆಗೆ ಕನ್ನಡದ್ದೂ. ಕನ್ನಡದ್ದನ್ನು ಫೋನಿಗೆ ಕೊಟ್ಟು ಓದಿಸಿಕೊಂಡಳಂತೆ. ‘ಕಾಕಾ, ಆಜ್ಜಿ ಥರಾ ಅಲ್ಲ, ನ್ಯೂಸ್ ಓದೋರ ಥರಾ ಓದ್ತದ’ ಎಂದಳು. ಇರಲಿ. ಅದೇ ಪಠ್ಯ ಹಳೆಯ ಫಾಂಟಿನಲ್ಲೇ ಉಳಿದಿದ್ದರೆ ಫೋನು ಅವಳಿಗೆ ಪಿ, ಎ, ಪೌಂಡು ಎಂದು ಓದಿ ಹೇಳುತ್ತಿತ್ತು.

ಇದು ಬರೀ ಮೊಮ್ಮಕ್ಕಳ ಮಾತಲ್ಲ. ಕಣ್ಣು ಕಾಣದ ಕನ್ನಡಿಗರು ಕಂಪ್ಯೂಟರ್ ಬಳಸುವುದು ಪರದೆಯನ್ನು ಓದಿ ಹೇಳುವ ತಂತ್ರಾಂಶಗಳ ಸಹಾಯದಿಂದ. ಅಂಥವುಗಳಲ್ಲಿ ‘ಎನ್‌ವಿಡಿಎ’ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರುಮಾಡಿದರು, ಜೇಮಿ ಟೆಹ್ ಜೊತೆಗೂಡಿದರು. ಇಬ್ಬರೂ ಅಂಧರು. ದುಬಾರಿ ಬೆಲೆಯ ಸಾಫ್ಟ್‌ವೇರ್ ಕೊಳ್ಳಲಾಗದವರಿಗೆ ಬೇಕು ಎಂದೇ ಅದನ್ನು ಉಚಿತವಾಗಿಯೂ ಮುಕ್ತವಾಗಿಯೂ ಇಟ್ಟರು. ‘ಇಸ್ಪೀಕ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಅದಕ್ಕೆ ದನಿ ಕೊಡುತ್ತದೆ, ಕನ್ನಡದಲ್ಲೂ. ಯುನಿಕೋಡ್ ಪಠ್ಯವನ್ನು ಈ ಜೋಡಿ ಓದುತ್ತದೆ. ಹಳೆಯ ಫಾಂಟಿನ ಕಡತವನ್ನು ಓದಲಾರದು. ಅಂಥ ಕಡತವನ್ನು ನೀವು ಎಷ್ಟು ಸುಂದರವಾಗಿ ಮಾಡಿ ಹಂಚಿದರೂ ಅಂಧ ಓದುಗನ ಪಾಲಿಗೆ ಅದು ಖಾಲಿ ಹಾಳೆ. ವಾಟ್ಸ್‌ಆ್ಯಪಿನಲ್ಲಿ ಸುಪ್ರಭಾತದ ಜೊತೆ ಬರುವ ಹೂವಿನ ಚಿತ್ರದ ಮೇಲಿನ ಕನ್ನಡಕ್ಕೂ ಇದೇ ಗತಿ. ಸಭೆಯ ಸೂಚನೆಯನ್ನು ಚಿತ್ರ ಮಾಡಿ ಕಳಿಸುವ ಪದಾಧಿಕಾರಿಗಳಿಗೆ ನನ್ನದೊಂದು ವಿನಂತಿ: ಚಿತ್ರ ಕಳಿಸಿ, ಕೆಳಗೆ ಎರಡು ಸಾಲು ಪಠ್ಯವನ್ನೂ ಟೈಪಿಸಿ.

ಹಳೆಯ ಫಾಂಟು ಮಾಡಿದವರನ್ನು ಬೈಯಲು ನಾನಿಲ್ಲಿ ಕುಳಿತಿಲ್ಲ. ಅವರಿಲ್ಲದಿದ್ದರೆ ಆ ಇಪ್ಪತ್ತು ವರ್ಷ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಹೊರನಾಡಿನ ನಮಗೆ ಇನ್ನೂ ಒಂದು ಹೆಮ್ಮೆಯ ಮಾತಿದೆ. ಇವತ್ತು ನಾವು ಬಳಸುವ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ದುಡ್ಡು ಕೇಳದೆ ಹಂಚಿದವರು. ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು 1998ರಲ್ಲಿ ಹೊರತಂದಿದ್ದು ಅಮೆರಿಕದಲ್ಲಿ ಕುಳಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳಿಗೆ ಕನ್ನಡ ಕಲಿಸಿತು. ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಮೀನು, ಹಕ್ಕಿಗಳ ಜೊತೆಗೆ ಕನ್ನಡ ತಂತ್ರಾಂಶದ ಚಿಂತೆಯನ್ನೂ ಹಚ್ಚಿಕೊಂಡಿದ್ದರು. ಅಂದಿನ ಸ್ಥಿತಿಯಲ್ಲಿ ತುಂಡು ಅಕ್ಷರಗಳನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಇಂದು ಆ ನೆಪ ಇಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಡನೆ ಬಂತು. ಆದರೂ ಇವತ್ತಿಗೂ ಮುದ್ರಣದ ಅಂಗಡಿಗೆ ಹೋಗಿ ಯುನಿಕೋಡ್ ಫೈಲು ಕೊಟ್ಟರೆ ‘ನುಡಿಗೆ ಮಾಡಿ ಕೊಡ್ರಿ’ ಎನ್ನುತ್ತಾರೆ. ಕೇಳಿದರೆ ಎರಡು ಕಾರಣ ಹೇಳುತ್ತಾರೆ. ಪುಟ ವಿನ್ಯಾಸದ ಸಾಫ್ಟ್‌ವೇರ್ ಒತ್ತಕ್ಷರ ಸರಿಯಾಗಿ ಕೂಡಿಸುವುದಿಲ್ಲ ಎಂಬುದು ಒಂದು. ಹಿಂದೆ ಅದು ನಿಜ. ಈಗ ಅಡೋಬಿಯ ಇನ್‌ಡಿಸೈನ್ ಕೂಡಿಸುತ್ತದೆ. ಮುಕ್ತವಾದ ಸ್ಕ್ರೈಬಸ್ ಕೂಡಿಸುತ್ತದೆ. ಅಕ್ಷರ ಕೂಡಿಸುವ ಕೆಲಸಕ್ಕೆಂದೇ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಇದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಫೋನಿನಲ್ಲಿ ‘ಸ್ತ್ರೀ’ ಎಂದು ಟೈಪಿಸಿದಾಗ ತಕಾರ, ರಕಾರ ಎರಡೂ ಸಕಾರದ ಕೆಳಗೆ ಸರಿಯಾಗಿ ಹೋಗಿ ಕೂರುತ್ತವಲ್ಲ, ಅದರ ಪುಣ್ಯ ಇದಕ್ಕೆ ಸೇರಬೇಕು.

ಎರಡನೆಯ ಕಾರಣ, ಯುನಿಕೋಡಿನಲ್ಲಿ ಚೆಂದದ ಫಾಂಟಿಲ್ಲ ಎಂಬುದು. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುವುದಕ್ಕಿಂತ ಸೋಜಿಗವಾಗುತ್ತದೆ. ಮುಂಬಯಿಯ ‘ಏಕ್ ಟೈಪ್’ ಬಳಗ ಮಾಡಿದ ‘ಬಲೂ ತಮ್ಮ’ ಇದೆ, ‘ಅನೇಕ್ ಕನ್ನಡ’ ಇದೆ. ಪುಸ್ತಕದ ಒಳಪುಟಗಳಿಗೆ ‘ಟೀರೋ ಕನ್ನಡ’ ಇದೆ. ಗೂಗಲ್‌ನ ‘ನೋಟೊ’ ಇದೆ, ತೆಳುವಿನಿಂದ ದಪ್ಪದವರೆಗೆ. ರೆಡ್ ಹ್ಯಾಟ್ ಕಂಪನಿ 2004ರಲ್ಲಿ ಬಿಡುಗಡೆ ಮಾಡಿದ ‘ಲೋಹಿತ್’ ಇದೆ. ಅದನ್ನು ತಿದ್ದಿ ಬೆಳೆಸಿದ ಎಂಜಿನಿಯರುಗಳು ಕೆಲಸ ಮಾಡುತ್ತಿದ್ದುದು ನಮ್ಮ ಪುಣೆಯಲ್ಲೇ. ಇವೆಲ್ಲ ಮುಕ್ತ ಪರವಾನಗಿಯವು: ಯಾರೂ ಬಳಸಬಹುದು, ಅಚ್ಚು ಹಾಕಬಹುದು, ಬೇಕೆಂದರೆ ತಿದ್ದಿ ಮರುಹಂಚಬಹುದು. ಇನ್ನೂ ಬೇಕು ಎಂದರೆ ಒಪ್ಪುತ್ತೇನೆ, ಕನ್ನಡಕ್ಕೆ ಇನ್ನೂ ಇಪ್ಪತ್ತು ಒಳ್ಳೆಯ ಫಾಂಟು ಬೇಕು. ಇಲ್ಲವೇ ಇಲ್ಲ ಎಂದರೆ ಒಪ್ಪುವುದಿಲ್ಲ.

ಹೈದರಾಬಾದಿನಲ್ಲಿರುವ ನನ್ನ ಗೆಳೆಯ, ಉಡುಪಿಯ ಕಡೆಯವನು, ಈ ವಾದವನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ‘ಎಂತಕ್ಕೆ ಮಾರಾಯ ಇಷ್ಟು ತಲೆಬಿಸಿ? ಗೂಗಲ್ ಎಲ್ಲ ಕೊಡ್ತದಲ್ಲ.’ ಕೊಡುತ್ತದೆ, ನಿಜ. ಯಾಹೂ ಕೂಡ ಕೊಟ್ಟಿತ್ತು. ಯಾಹೂ ಗ್ರೂಪ್ಸ್‌ನಲ್ಲಿ ಹೊರನಾಡ ಕನ್ನಡಿಗರ ಎಷ್ಟು ಗುಂಪುಗಳಿದ್ದವು, ಎಷ್ಟು ಚರ್ಚೆ, ಎಷ್ಟು ಹಾಡಿನ ಸಾಹಿತ್ಯ, ಎಷ್ಟು ಅಡುಗೆ. 2020ರ ಡಿಸೆಂಬರಿನಲ್ಲಿ ಅಂಗಡಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲೇ ಹೋಗಿತ್ತು. ಇವು ಮೋಸ ಮಾಡಿದವು ಎಂದು ನಾನು ಹೇಳುತ್ತಿಲ್ಲ. ಉಚಿತ ಊಟದ ಪಂಕ್ತಿ ಎದ್ದಿತು, ಅಷ್ಟೇ.

ನಮಗಿಂತ ಕಡಿಮೆ ಜನಸಂಖ್ಯೆಯ ನೆರೆಯವರು ಏನು ಮಾಡಿದರು ಎಂದು ನೋಡಿದರೆ ಸ್ವಲ್ಪ ನಾಚಿಕೆಯಾಗುತ್ತದೆ. 2011ರ ಜನಗಣತಿಯಲ್ಲಿ ಕನ್ನಡದವರು 4.37 ಕೋಟಿ, ಮಲಯಾಳದವರು 3.48 ಕೋಟಿ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ. ಅದರ ಲೇಖನಗಳು 30 ಸಾವಿರ ದಾಟಿವೆ. ಮಲಯಾಳದ್ದು 80 ಸಾವಿರ ದಾಟಿದೆ. ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಹೆಸರಿನಲ್ಲಿ ಅಲ್ಲಿಯ ಎಂಜಿನಿಯರುಗಳು, ಮೇಷ್ಟ್ರುಗಳು, ಅಕ್ಷರ ಕಲಾವಿದರು ಒಟ್ಟುಗೂಡಿ ತಮ್ಮ ಫಾಂಟುಗಳನ್ನು ತಾವೇ ಮಾಡಿಕೊಂಡರು. ಅವರು ಮಾಡಿದ ‘ಇಂಡಿಕ್ ಕೀಬೋರ್ಡ್’ ಆ್ಯಪ್‌ನಲ್ಲಿ ಕನ್ನಡವೂ ಇದೆ. ನಮ್ಮ ಎಂಜಿನಿಯರುಗಳ ಸಂಖ್ಯೆ ಕಡಿಮೆಯೇ? ಬೆಂಗಳೂರನ್ನು ಇಟ್ಟುಕೊಂಡವರು ನಾವು.

ನಮ್ಮಲ್ಲಿ ಯಾರೂ ಮಾಡಿಲ್ಲ ಎಂದಲ್ಲ. ವಚನಗಳನ್ನು ಪದ ಪದವಾಗಿ ಹುಡುಕಲು ಆಗುವಂತೆ ಮಾಡಿದ ‘ವಚನ ಸಂಚಯ’ ಇದೆ. ವಿ. ಕೃಷ್ಣ ಅವರ ‘ಅಲರ್’ ಇದೆ. ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳು. 2019ರಲ್ಲಿ ಅದನ್ನು ಅಂತರಜಾಲದಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ನೋಡಲು ಉಚಿತ ಎನ್ನುವಷ್ಟಕ್ಕೆ ನಿಲ್ಲದೆ ಇಡೀ ದತ್ತಾಂಶವನ್ನೇ ಇಳಿಸಿಕೊಳ್ಳಲು ಕೊಟ್ಟರು. ನಾಳೆ ಆ ಜಾಲತಾಣ ನಿಂತರೂ ನಿಘಂಟು ನಿಲ್ಲುವುದಿಲ್ಲ. ಇದನ್ನೇ ನಾನು ಕೆರೆ ಎಂದದ್ದು.

ಕೆರೆಗೆ ಹೂಳು ತುಂಬುತ್ತದೆ ಎಂಬುದನ್ನೂ ಹೇಳಬೇಕು. ಮುಕ್ತ ಎಂದ ಮಾತ್ರಕ್ಕೆ ಎಲ್ಲ ಸುಸೂತ್ರ ಎಂದು ನಂಬಿದವರು 2024ರ ಮಾರ್ಚಿನ ‘ಎಕ್ಸ್‌ಝೆಡ್’ ಪ್ರಕರಣ ನೆನಪಿಸಿಕೊಳ್ಳಬೇಕು. ಲೋಕದ ಲಿನಕ್ಸ್ ಯಂತ್ರಗಳೆಲ್ಲ ನೆಚ್ಚಿಕೊಂಡ ಒಂದು ಪುಟ್ಟ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ದಣಿದ ಒಬ್ಬ ಸ್ವಯಂಸೇವಕ. ಸಹಾಯಕ್ಕೆಂದು ಬಂದ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ, ಒಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಸಿಕ್ಕಿಬಿತ್ತು. ಮೂಲ ಸಂಕೇತ ಎಲ್ಲರ ಕಣ್ಣೆದುರು ಇದ್ದುದರಿಂದಲೇ ಅವರಿಗೆ ಅದು ಸಾಧ್ಯವಾಯಿತು. ಆದರೆ ನೋಡುವ ಕಣ್ಣು ಒಂದೇ ಇತ್ತು. ಕನ್ನಡದ ಮುಕ್ತ ಯೋಜನೆಗಳೂ ಹೀಗೆಯೇ ಒಬ್ಬಿಬ್ಬರ ಭಾನುವಾರಗಳ ಮೇಲೆ ನಿಂತಿವೆ. ಅವರಿಗೆ ಮಗು ಹುಟ್ಟಿದರೆ, ನೌಕರಿ ಬದಲಾದರೆ ಯೋಜನೆ ನಿಲ್ಲುತ್ತದೆ.

ಹೂಳೆತ್ತಲು ಎಂಜಿನಿಯರೇ ಆಗಬೇಕಿಲ್ಲ. ಬ್ಯಾಂಕಿನವರು, ಶಿಕ್ಷಕರು, ನಿವೃತ್ತರು ಮಾಡುವ ಕೆಲಸ ಬೇಕಾದಷ್ಟಿದೆ. ಟೆಸರಾಕ್ಟ್ ತಪ್ಪು ಓದಿದ್ದನ್ನು ತಿದ್ದುವುದಕ್ಕೆ ಕನ್ನಡ ಬಂದರೆ ಸಾಕು. ಫಾಂಟಿನಲ್ಲಿ ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗಿ ಕಾಣುತ್ತಿದೆ ಎಂದು ಅದನ್ನು ಮಾಡಿದವರಿಗೆ ಒಂದು ಸಾಲು ಬರೆದು ತಿಳಿಸುವುದೂ ಕೆಲಸವೇ. ಅಂದಹಾಗೆ, ಆ ‘ರ‍್ಯಾ’ ಸರಿಯಾಗಿ ಬರಬೇಕೆಂದರೆ ರಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಎಷ್ಟೋ ಕೀಬೋರ್ಡುಗಳಲ್ಲಿ ಅದು ಎಲ್ಲಿದೆ ಎಂದು ಹುಡುಕುವುದೇ ಒಂದು ಯಾತ್ರೆ.

ಇದಕ್ಕೆಲ್ಲ ಈಗ ಅವಸರ ಏಕೆ ಎಂದರೆ ಯಂತ್ರಗಳು ಭಾಷೆ ಕಲಿಯುತ್ತಿವೆ. ಚೆನ್ನೈನ ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 2023ರಲ್ಲಿ ಸಂವಿಧಾನದ 22 ಭಾಷೆಗಳಿಗೂ ಅನುವಾದ ಮಾಡುವ ತಂತ್ರಾಂಶವನ್ನು ಮುಕ್ತವಾಗಿ ಕೊಟ್ಟಿತು. ಇಂಥವೆಲ್ಲ ಕಲಿಯುವುದು ಯುನಿಕೋಡಿನಲ್ಲಿರುವ ಪಠ್ಯದಿಂದ. ಬೀಗ ಹಾಕಿದ ಫಾಂಟಿನಲ್ಲಿರುವ ಕನ್ನಡ ಅವಕ್ಕೆ ಕನ್ನಡವೇ ಅಲ್ಲ. ಖಡಕಿಯ ಆ ತಾಯಿಯ ಕನ್ನಡ, ಸೊಲ್ಲಾಪುರದ ಕನ್ನಡ, ಹೊಸೂರಿನ ಕನ್ನಡ ಅವಕ್ಕೆ ಸಿಗದಿದ್ದರೆ ಅವು ಕಲಿಯುವುದು ಇಂಗ್ಲಿಷಿನಿಂದ ಅನುವಾದವಾದ ಜಾಹೀರಾತಿನ ಕನ್ನಡವನ್ನು. ಆಮೇಲೆ ನಮ್ಮ ಮಕ್ಕಳಿಗೆ ಅವು ತಿರುಗಿ ಕಲಿಸುವುದೂ ಅದನ್ನೇ.

ಸಂಘಗಳು ಮುದ್ರಕರಿಗೆ ಕೆಲಸ ಒಪ್ಪಿಸುವಾಗ ಒಂದು ಕರಾರು ಹಾಕಬಹುದು: ಅಚ್ಚಾದ ಪ್ರತಿಗಳ ಜೊತೆ ಯುನಿಕೋಡ್ ಪಠ್ಯದ ಫೈಲನ್ನೂ ಕೊಡಬೇಕು, ಕೊಡದಿದ್ದರೆ ಕೊನೆಯ ಕಂತಿನ ಹಣ ಇಲ್ಲ. ಇದೇ ಕರಾರನ್ನು ಕರ್ನಾಟಕ ಸರಕಾರದ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ತಾವು ಹಣ ಕೊಟ್ಟು ಮಾಡಿಸುವ ಪ್ರತಿ ಪುಸ್ತಕಕ್ಕೂ ಹಾಕಬೇಕು ಎಂದು ನಾವು ಹೊರಗಿನಿಂದ ಒತ್ತಾಯಿಸಬೇಕು. ಸಾರ್ವಜನಿಕರ ಹಣದ ಪುಸ್ತಕದ ಪಠ್ಯ ಡಿಟಿಪಿ ಅಂಗಡಿಯ ಹಾರ್ಡ್‌ಡಿಸ್ಕಿನಲ್ಲಿ ಉಳಿಯುವುದು ಯಾವ ನ್ಯಾಯ? ನಮ್ಮ ಸಂಘದಲ್ಲಿ ಈ ಕರಾರಿನ ಮಾತೆತ್ತಿದಾಗ ಮುದ್ರಕರು ಕೇಳಿದ್ದು ಹೆಚ್ಚುವರಿ ಹದಿನೈದು ನೂರು ರೂಪಾಯಿ. ಸಭೆಯ ಚಹಾ, ಅವಲಕ್ಕಿಯ ಖರ್ಚು ಅದಕ್ಕಿಂತ ಜಾಸ್ತಿ ಆಗಿತ್ತು.